ಓದುಗರ ಪ್ರಶ್ನೆ, ನಮ್ಮ ಉತ್ತರ: ‘ಔಟ್‌ಲ್ಯಾಂಡರ್’ ಜಗಳ

ಡಯಾನಾ ಗ್ಯಾಬಲ್ಡಾನ್ ಅವರ ‘ಔಟ್‌ಲ್ಯಾಂಡರ್’ ಬಗ್ಗೆ ಬಂದ ಪತ್ರಗಳನ್ನು ಎರಡು ಕಟ್ಟು ಮಾಡಿಟ್ಟಿದ್ದೇವೆ. ತಲೆ ಮೇಲೆ ಹೊತ್ತು ಕುಣಿಯುವವರದು ಒಂದು, ಪುಸ್ತಕವನ್ನು ಗೋಡೆಗೆ ಎಸೆದವರದು ಇನ್ನೊಂದು. ಓದದವರಿಗಾಗಿ ಕಥೆಯ ಎಳೆ ಇಷ್ಟು: ಎರಡನೇ ಮಹಾಯುದ್ಧ ಆಗಷ್ಟೇ ಮುಗಿದಿದೆ. ಯುದ್ಧದಲ್ಲಿ ನರ್ಸ್ ಆಗಿದ್ದ ಇಂಗ್ಲಿಷ್ ಹೆಣ್ಣುಮಗಳು ಕ್ಲೇರ್, ಇತಿಹಾಸಕಾರ ಗಂಡ ಫ್ರ್ಯಾಂಕ್ ಜೊತೆ ಸ್ಕಾಟ್ಲೆಂಡಿನ ಇನ್ವರ್ನೆಸ್‌ಗೆ ಬರುತ್ತಾಳೆ. ಗುಡ್ಡದ ಮೇಲೆ ಸುತ್ತಲೂ ನೆಟ್ಟ ಎತ್ತರದ ಕಲ್ಲುಗಳಲ್ಲಿ ಸೀಳಿದ ಒಂದನ್ನು ಹಾದು 1743ಕ್ಕೆ ಬೀಳುತ್ತಾಳೆ. ಅಲ್ಲಿ ಫ್ರ್ಯಾಂಕ್‌ನ ಪೂರ್ವಜ, ಕ್ರೂರಿ ಕ್ಯಾಪ್ಟನ್ ರಾಂಡಾಲ್ ಕೈಗೆ ಸಿಗದೆ ಉಳಿಯಬೇಕಾದರೆ ಜೇಮಿ ಫ್ರೇಸರ್ ಎಂಬ ಹೈಲ್ಯಾಂಡ್ (ಸ್ಕಾಟ್ಲೆಂಡಿನ ಉತ್ತರದ ಗುಡ್ಡನಾಡು) ತರುಣನನ್ನು ಮದುವೆಯಾಗಬೇಕು. ಗುಟ್ಟು ಬಿಟ್ಟುಕೊಡುವ ಉತ್ತರ ಬಂದಾಗ ಮೊದಲೇ ಹೇಳುತ್ತೇವೆ.

ನೂರೈವತ್ತು ಪುಟ ದಾಟಿದರೂ ಗಿಡಮೂಲಿಕೆ, ಕೋಟೆಯ ಊಟ, ಮತ್ತೆ ಗಿಡಮೂಲಿಕೆ. ಕಥೆ ಶುರುವಾಗುವುದು ಎಲ್ಲಿಂದ?
— ಓದುಗರು, ಹಾಸನ

ಒಟ್ಟು 41 ಅಧ್ಯಾಯ. ಚಿಕ್ಕ ಅಳತೆಯ ಪೇಪರ್‌ಬ್ಯಾಕ್‌ನಲ್ಲಿ 850 ಪುಟದ ಆಸುಪಾಸು. ಎರಡನೇ ಅಧ್ಯಾಯದ ಕೊನೆಗೇ ಕ್ಲೇರ್ ಕಲ್ಲು ದಾಟಿಬಿಡುತ್ತಾಳೆ, ಆಮೇಲೆ ನಾಲ್ಕರಿಂದ ಹತ್ತರವರೆಗೆ ಲಿಯೋಖ್ ಕೋಟೆಯೊಳಗೇ ಸುತ್ತಾಟ. ಬಹಳ ಜನ ಕೈಬಿಡುವುದು ಈ ಏಳು ಅಧ್ಯಾಯಗಳಲ್ಲೇ. ಮದುವೆ ಬರುವುದು 14ರಲ್ಲಿ. 18ರಿಂದ ಪುಟ ತಾನಾಗಿ ಓಡುತ್ತದೆ.

ಬೇಸರವಾದರೆ ಕೋಟೆಯ ಭಾಗವನ್ನು ಕಣ್ಣಾಡಿಸಿಕೊಂಡು ಹೋಗಿ, ತಪ್ಪಿಲ್ಲ. ಆದರೆ 8ನೇ ಅಧ್ಯಾಯವನ್ನು ಮಾತ್ರ ಹಾರಿಸಬೇಡಿ. ಅಲ್ಲಿ ಹಾಡುಗಾರನೊಬ್ಬ ಕಲ್ಲುಗಳ ನಡುವೆ ಮಾಯವಾಗಿ ಇನ್ನೂರು ವರ್ಷ ಆಚೆಗೆ ಬಿದ್ದವರ ಹಳೆಯ ಕಥೆ ಹಾಡುತ್ತಾನೆ. ಹೋದವರು ತಿರುಗಿ ಬಂದದ್ದೂ ಉಂಟು ಎಂದು ಕ್ಲೇರ್‌ಗೆ ಹೊಳೆಯುವುದು ಅಲ್ಲಿ. ಅದನ್ನು ಬಿಟ್ಟವರು ಮುಂದೆ ‘ಇವಳು ಯಾಕೆ ಮತ್ತೆ ಮತ್ತೆ ಆ ಗುಡ್ಡಕ್ಕೇ ಓಡುತ್ತಾಳೆ’ ಎಂದು ಕೇಳುತ್ತಾರೆ. ಕೇಳುವ ಪುಸ್ತಕವಾಗಿ ಬೇಕೆಂದರೆ ಡೇವಿನಾ ಪೋರ್ಟರ್ ಓದಿರುವ ಇಂಗ್ಲಿಷ್ ಆವೃತ್ತಿ ಇದೆ, 32 ಗಂಟೆಗೂ ಮೇಲೆ.

ಇದು ಪ್ರಣಯ ಕಾದಂಬರಿಯೋ ಐತಿಹಾಸಿಕ ಕಾದಂಬರಿಯೋ? ನಮ್ಮ ಓದುಗರ ಬಳಗದಲ್ಲಿ ಇದೇ ವಾದ.
— ಓದುಗರು, ಬೆಂಗಳೂರು

1991ರಲ್ಲಿ ಬಂದ ಪುಸ್ತಕಕ್ಕೆ ಮರುವರ್ಷ ಅಮೆರಿಕದ ಪ್ರಣಯ ಲೇಖಕರ ಸಂಘ ತನ್ನ ರೀಟಾ ಪ್ರಶಸ್ತಿ ಕೊಟ್ಟಿತು. ಲೇಖಕಿ ಆ ಹಣೆಪಟ್ಟಿಯನ್ನು ಒಪ್ಪುವುದಿಲ್ಲ. ಪ್ರಣಯ ಕಾದಂಬರಿಯಲ್ಲಿ ಕೊನೆಗೆ ಬರಬೇಕಾದ ಮದುವೆ ಇಲ್ಲಿ ಮೂರನೇ ಒಂದು ಪಾಲಿಗೇ ಮುಗಿದುಹೋಗುತ್ತದೆ. ಹೆಣ್ಣಿಗೆ 27, ಹಿಂದೆ ಮದುವೆಯಾಗಿದೆ, ಎಲ್ಲ ಬಲ್ಲವಳು. ಗಂಡು ಅವಳಿಗಿಂತ ಚಿಕ್ಕವನು, ಏನೂ ಅರಿಯದವನು. ಆ ಕಾಲದ ಪ್ರಣಯ ಕಾದಂಬರಿಗಳ ಲೆಕ್ಕ ಇದಕ್ಕೆ ತದ್ವಿರುದ್ಧ. ನಿಮ್ಮ ಬಳಗದ ಜಗಳ ಬಗೆಹರಿಯುವುದು ಬೇಡ. ಯಾವ ಕಪಾಟಿನ ಪುಸ್ತಕವೆಂದು ಕೊಂಡಿರೋ ಆ ಕಪಾಟಿನ ನಿಯಮವನ್ನೇ ಅದು ಮುರಿಯುವುದರಿಂದ ಇಬ್ಬರಿಗೂ ಸಿಟ್ಟು ಬರುತ್ತದೆ.

ಇತಿಹಾಸ ಪಾಠ ಮಾಡುವವನು ನಾನು. 1743ರಲ್ಲಿ ಮಾಟಗಾತಿ ವಿಚಾರಣೆ? ಇಂಥ ತಪ್ಪಿರುವ ಪುಸ್ತಕವನ್ನು ‘ಐತಿಹಾಸಿಕ’ ಎನ್ನುವುದು ಹೇಗೆ?
— ಓದುಗರು, ಧಾರವಾಡ

ನಿಮ್ಮ ಆಕ್ಷೇಪ ಸರಿ, ಅದೂ ಪುಸ್ತಕದ ಅತಿ ಸಡಿಲವಾದ ಜಾಗಕ್ಕೇ ತಾಗಿದೆ. ಸ್ಕಾಟ್ಲೆಂಡಿನಲ್ಲಿ ಮಾಟದ ಆರೋಪಕ್ಕೆ ಮರಣದಂಡನೆ ಕೊಡುತ್ತಿದ್ದುದು 1563ರ ಕಾಯ್ದೆಯಂತೆ. ಅದು 1736ರಲ್ಲಿ ರದ್ದಾಯಿತು. ಆಮೇಲೆ ಮಾಟ ಮಾಡುತ್ತೇನೆಂದು ಹೇಳಿಕೊಳ್ಳುವುದು ಬರೀ ಮೋಸದ ಅಪರಾಧ, ಹೆಚ್ಚೆಂದರೆ ಒಂದು ವರ್ಷ ಸೆರೆ. ಅಲ್ಲಿ ಕೊನೆಯದಾಗಿ ಮಾಟಗಾತಿಯೆಂದು ಸುಟ್ಟದ್ದು 1727ರಲ್ಲಿ, ಡಾರ್ನಕ್ ಊರಿನಲ್ಲಿ. ಅಂದಮೇಲೆ 25ನೇ ಅಧ್ಯಾಯದಲ್ಲಿ ವಿಚಾರಕರು ಕೂತು, ವಕೀಲ ಎದ್ದು ವಾದ ಮಾಡುವುದು ನಡೆಯುವ ಮಾತಲ್ಲ. ಊರ ಜನರೇ ಗುಂಪುಗೂಡಿ ನುಗ್ಗುವಂತೆ ಬರೆದಿದ್ದರೆ ನಂಬಬಹುದಿತ್ತು. 1705ರಲ್ಲಿ ಪಿಟ್ಟನ್‌ವೀಮ್‌ನಲ್ಲಿ ಜಾನೆಟ್ ಕಾರ್ನ್‌ಫುಟ್ ಎಂಬಾಕೆಯ ಮೇಲೆ ಬಾಗಿಲು ಹಲಗೆ ಹೊರಿಸಿ, ಕಲ್ಲು ಹೇರಿ ಕೊಂದದ್ದು ಕೋರ್ಟಲ್ಲ, ಗುಂಪು.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು, ಆದರೆ ಅದನ್ನು ಯಾರೂ ಬರೆದು ಕಳಿಸಲಿಲ್ಲ. ಪಟ್ಟ ಕಳೆದುಕೊಂಡ ಸ್ಟುವರ್ಟ್ ಅರಸುಮನೆತನವನ್ನು ಮತ್ತೆ ತರಲು ಎದ್ದ ಜಾಕೊಬೈಟರ ದಂಗೆಯನ್ನು ‘ಸ್ಕಾಟ್ಲೆಂಡ್ ವಿರುದ್ಧ ಇಂಗ್ಲೆಂಡ್’ ಎಂದು ಓದಿಸುವ ಧಾಟಿ ಕಾದಂಬರಿಯಲ್ಲಿದೆ. ನಿಜವಾಗಿ ಅದು ಸಿಂಹಾಸನ ಯಾರದು ಎಂಬ ಜಗಳ. 1746ರ ಏಪ್ರಿಲ್ 16ರಂದು ಕಲೋಡನ್ ಬಯಲಲ್ಲಿ ಸರ್ಕಾರದ ಕಡೆಯೂ ಸ್ಕಾಟ್ ಪಡೆಗಳಿದ್ದವು, ಕ್ಯಾಂಪ್‌ಬೆಲ್ ಕುಲದವರಂತೂ ಇದ್ದೇ ಇದ್ದರು. ಒಂದು ಗಂಟೆಯೊಳಗೆ ಮುಗಿದ ಕಾಳಗದಲ್ಲಿ ಅಣ್ಣನ ಎದುರು ತಮ್ಮ ನಿಂತ ಮನೆಗಳೂ ಉಂಟು.

ಹೈಲ್ಯಾಂಡಿನವರ ಗೇಲಿಕ್ ನುಡಿಯಲ್ಲೂ ಎಡವಟ್ಟಿದೆ. ಸರಣಿಯ ಮೊದಲ ಪುಸ್ತಕವಾದ ಇದರಲ್ಲಿ ಜೇಮಿ ಮುದ್ದಿನಿಂದ ಕರೆಯುವ ‘ಮೊ ದುಯಿನ್’ ವ್ಯಾಕರಣಕ್ಕೆ ನಿಲ್ಲುವುದಿಲ್ಲ. ಆ ಭಾಷೆ ಬಲ್ಲವರ ನೆರವು ಸಿಕ್ಕ ಮೇಲಿನ ಸಂಪುಟಗಳಲ್ಲಿ ‘ನನ್ನ ಕಂದುಗೂದಲ ಹುಡುಗಿ’ ಎಂಬರ್ಥದ ಸರಿಯಾದ ರೂಪ ಬರುತ್ತದೆ.

ಹಾಗೆಂದು ಎಲ್ಲವೂ ಪೊಳ್ಳಲ್ಲ. ದೊಡ್ಡ ಘಟನೆಗಳಲ್ಲಿ ಜಾರುವ ಲೇಖಕಿ ದಿನನಿತ್ಯದ ಬದುಕಿನಲ್ಲಿ ಗಟ್ಟಿ. ಗಂಡಸರು ಉಡುವ ಪ್ಲೇಡ್ ಬಟ್ಟೆಯನ್ನೇ ನೋಡಿ. ಆಗಿನ ಮಗ್ಗದ ಪನ್ನ ಕಿರಿದು. ಸುಮಾರು 9 ಗಜ ನೇಯಿಸಿ, ನಡುವೆ ಕತ್ತರಿಸಿ, ಎರಡನ್ನೂ ಉದ್ದಕ್ಕೆ ಜೋಡಿಸಿ ಹೊಲಿದರೆ ಒಬ್ಬನಿಗೆ ಒಂದು ಉಡುಪು. ನೆಲದ ಮೇಲೆ ಹಾಸಿದ ಬೆಲ್ಟಿನ ಮೇಲೆ ಬಟ್ಟೆ ಹರಡಿ, ನೆರಿಗೆ ಹಿಡಿದು, ಅದರ ಮೇಲೆ ಅಂಗಾತ ಮಲಗಿ, ಎರಡೂ ಅಂಚನ್ನು ಮುಂದಕ್ಕೆ ಎಳೆದು ಬೆಲ್ಟ್ ಬಿಗಿಯಬೇಕು. ಉಳಿದದ್ದು ಹಗಲು ಹೆಗಲಿಗೆ, ರಾತ್ರಿ ಕಂಬಳಿಗೆ. ನಮ್ಮ ಒಂಬತ್ತು ಗಜದ ಸೀರೆ ಉಡುವವರಿಗೆ ಈ ಲೆಕ್ಕ ಬೇಗ ಹತ್ತುತ್ತದೆ. ಒಂದೊಂದು ಕುಲಕ್ಕೆ ಒಂದೊಂದು ಚೌಕಳಿ ಎಂಬ ಕಟ್ಟುನಿಟ್ಟು ಮಾತ್ರ ಬಹುಪಾಲು 19ನೇ ಶತಮಾನದ ಬಳುವಳಿ; ಅದನ್ನು 1743ಕ್ಕೆ ಹೊತ್ತುಕೊಂಡು ಹೋಗಬೇಡಿ.

ಗಂಡ ಹೆಂಡತಿಯನ್ನು ಬೆಲ್ಟಿನಿಂದ ಹೊಡೆಯುತ್ತಾನೆ. ಅಲ್ಲಿಗೇ ಪುಸ್ತಕ ಮುಚ್ಚಿದೆ. ಇಂಥವನನ್ನು ನಾಯಕ ಎನ್ನುತ್ತೀರಾ?
— ಓದುಗಿ, ಮೈಸೂರು

ಹದಿನೆಂಟನೇ ಶತಮಾನದ ಗಂಡಸನ್ನು ಇಂದಿನ ಕಾನೂನಿನಿಂದ ಅಳೆಯುವುದು ಅನ್ಯಾಯವಲ್ಲವೇ?
— ಓದುಗರು, ಮಂಗಳೂರು

ಇಬ್ಬರೂ ಹೇಳುತ್ತಿರುವುದು 22ನೇ ಅಧ್ಯಾಯವನ್ನು. ಅಲ್ಲೇ ಇರು ಎಂದ ಜಾಗ ಬಿಟ್ಟು ಕ್ಲೇರ್ ಕಲ್ಲುಗಳತ್ತ ಹೊರಡುತ್ತಾಳೆ, ಇಂಗ್ಲಿಷ್ ಸೈನಿಕರ ಕೈಗೆ ಸಿಗುತ್ತಾಳೆ. ಅವಳನ್ನು ಬಿಡಿಸಲು ಜೇಮಿ ಮತ್ತು ಸಂಗಡಿಗರು ಜೀವ ಪಣಕ್ಕಿಡಬೇಕಾಗುತ್ತದೆ. ಎಲ್ಲರ ಪ್ರಾಣಕ್ಕೆ ಕುತ್ತು ತಂದವರಿಗೆ ಶಿಕ್ಷೆ ಆಗಲೇಬೇಕೆಂಬುದು ಗುಂಪಿನ ಕಟ್ಟಳೆ. ಛತ್ರದ ಕೋಣೆಯಲ್ಲಿ ಬೆಲ್ಟು ಹೊರಬರುತ್ತದೆ. ಅವಳು ಸುಮ್ಮನೆ ಒಡ್ಡಿಕೊಳ್ಳುವುದಿಲ್ಲ, ಒದ್ದು ಪರಚಿ ಹೋರಾಡುತ್ತಾಳೆ.

ಮಂಗಳೂರಿನವರ ವಾದ ಇಲ್ಲಿಯವರೆಗೆ ನಿಲ್ಲುತ್ತದೆ. ಅಂಥವನು ಅಂಥ ಕಾಲದಲ್ಲಿ ಹಾಗೆ ಮಾಡದೆ ಕೈಕಟ್ಟಿ ನಿಂತಿದ್ದರೆ ಅದೇ ಸುಳ್ಳಾಗುತ್ತಿತ್ತು. ತೊಂದರೆ ಹೊಡೆತದಲ್ಲಿಲ್ಲ, ಅದರ ನಂತರದ ಪುಟಗಳಲ್ಲಿದೆ. ಮರುದಿನ ದಾರಿಯುದ್ದಕ್ಕೂ ಜೇಮಿ ತಾನು ಚಿಕ್ಕಂದಿನಲ್ಲಿ ಅಪ್ಪನಿಂದ ತಿಂದ ಏಟುಗಳ ಕಥೆಗಳನ್ನು ತಮಾಷೆಯಾಗಿ ಹೇಳುತ್ತಾನೆ, ಅವಳ ಮುನಿಸು ಕರಗುತ್ತದೆ, ನಗುತ್ತಾಳೆ. ತಾನು ಹೊಡೆಯುವಾಗ ಸಂತೋಷಪಟ್ಟದ್ದನ್ನೂ ಅವನು ಮುಚ್ಚಿಡುವುದಿಲ್ಲ. ಕ್ಲೇರ್ 20ನೇ ಶತಮಾನದವಳು, ಕಥೆ ಹೇಳುತ್ತಿರುವವಳೂ ಅವಳೇ. ಆ ಕಾಲದ ನ್ಯಾಯವನ್ನು ಪ್ರಶ್ನಿಸಲು ಪುಸ್ತಕದಲ್ಲಿರುವ ಒಂದೇ ಬಾಯಿ ನಗುತ್ತ ಕೂತರೆ ಓದುಗರು ಯಾರ ಕಡೆ ನೋಡಬೇಕು? ಮೈಸೂರಿನವರ ಸಿಟ್ಟಿಗೆ ಅಲ್ಲಿ ಪೂರ್ತಿ ಆಧಾರವಿದೆ.

ಪುಸ್ತಕ ಮುಚ್ಚಿಟ್ಟವರು ಇನ್ನೊಂದಿಷ್ಟು ಪುಟ ಓದಿದ್ದರೆ ಜೇಮಿ ತನ್ನ ಕಠಾರಿಯ ಹಿಡಿ ಹಿಡಿದು, ಇನ್ನೆಂದೂ ಅವಳ ಮೇಲೆ ಕೈ ಎತ್ತುವುದಿಲ್ಲವೆಂದು ಆಣೆ ಇಡುವುದು ಸಿಗುತ್ತಿತ್ತು. ಟಿವಿ ಸರಣಿಯ ಮೊದಲ ಸೀಸನ್ನಿನ 9ನೇ ಕಂತಿನಲ್ಲಿ ಇದೇ ಪ್ರಸಂಗವನ್ನು ಜೇಮಿಯ ಬಾಯಲ್ಲಿ ಹೇಳಿಸಿದ್ದಾರೆ. ಹಾಗಾಗಿ ‘ಸರಣಿಯಲ್ಲಿ ಅಷ್ಟೇನೂ ಅನ್ನಿಸಲಿಲ್ಲ’ ಎನ್ನುವವರೂ ‘ಪುಸ್ತಕದಲ್ಲಿ ಸಹಿಸಲಾಗಲಿಲ್ಲ’ ಎನ್ನುವವರೂ ಬೇರೆ ಬೇರೆ ನಿರೂಪಕರ ಬಗ್ಗೆ ಮಾತಾಡುತ್ತಿದ್ದಾರೆ.

ಪಿಯುಸಿ ಓದುವ ಮಗಳು ಈ ಪುಸ್ತಕ ಕೇಳುತ್ತಿದ್ದಾಳೆ. ಕೊಡಿಸಬಹುದೇ?
— ತಾಯಿ, ಶಿವಮೊಗ್ಗ

ನೀವು ಮೊದಲು 35ನೇ ಅಧ್ಯಾಯ, ಆಮೇಲೆ 39 ಓದಿ ನಿರ್ಧರಿಸಿ. ಮುಂದಿನದು ಕಥೆಯ ಗುಟ್ಟು: ವೆಂಟ್‌ವರ್ತ್ ಸೆರೆಮನೆಯಲ್ಲಿ ಕ್ಯಾಪ್ಟನ್ ರಾಂಡಾಲ್ ಜೇಮಿಗೆ ಚಿತ್ರಹಿಂಸೆ ಕೊಟ್ಟು ಅತ್ಯಾಚಾರ ಮಾಡುತ್ತಾನೆ. ನಡೆದದ್ದು ಒಂದೇ ಸಲ ಪುಟಕ್ಕೆ ಬರುವುದಿಲ್ಲ. ಫ್ರಾನ್ಸಿನ ಮಠದಲ್ಲಿ ಜೇಮಿ ಚೇತರಿಸಿಕೊಳ್ಳುವಾಗ ತುಣುಕು ತುಣುಕಾಗಿ ಹೊರಬರುತ್ತದೆ. ಕಣ್ಣಿಗೆ ಕಟ್ಟುವಷ್ಟು ವಿವರ. ದಾಂಪತ್ಯದ ಹಸಿಬಿಸಿ ದೃಶ್ಯಗಳು 15ರಿಂದ ಶುರು, ಅವುಗಳಿಗೆ ಬರಗಾಲವಿಲ್ಲ. 18 ತುಂಬುವವರೆಗೆ ಕಾಯುವುದು ವಾಸಿ ಎಂಬುದು ನಮ್ಮ ಅನಿಸಿಕೆ. ಮೊದಲ ಪುಸ್ತಕದಲ್ಲಿ ಗಂಡಸರನ್ನು ಬಯಸುವ ಇಬ್ಬರೂ ಕೆಟ್ಟವರೇ ಎಂಬ ದೂರು ಇದೆ, ನ್ಯಾಯವಾದ ದೂರು. ಮುಂದಿನ ಸಂಪುಟಗಳಲ್ಲಿ ಬರುವ ಲಾರ್ಡ್ ಜಾನ್ ಗ್ರೇ ಸಜ್ಜನ, ಆದರೆ ಮೊದಲನೆಯದನ್ನು ಮಾತ್ರ ಓದುವವರಿಗೆ ಅವನು ಸಿಗುವುದಿಲ್ಲವಲ್ಲ.

‘ಕ್ರಾಸ್ ಸ್ಟಿಚ್’ ಎಂಬುದು ಸರಣಿಯ ಎಷ್ಟನೇ ಪುಸ್ತಕ?
— ಓದುಗರು, ಕಲಬುರಗಿ

ಕೊಳ್ಳಬೇಡಿ, ನಿಮ್ಮ ಹತ್ತಿರ ಇರುವುದೇ ಅದು. ಬ್ರಿಟನ್ನಿನಲ್ಲಿ ‘ಔಟ್‌ಲ್ಯಾಂಡರ್’ ಆ ಹೆಸರಲ್ಲಿ ಬಂದಿತ್ತು. ಹಳೆ ಪುಸ್ತಕದಂಗಡಿಯಲ್ಲಿ ಎರಡೂ ಸಿಗುತ್ತವೆ. ಒಂದು ವ್ಯತ್ಯಾಸ ಗಮನಿಸಿ: ಅಮೆರಿಕದ ಆವೃತ್ತಿ 1945ರಲ್ಲಿ ಶುರುವಾದರೆ ಬ್ರಿಟನ್ನಿನದು 1946ರಲ್ಲಿ. ಎರಡು ಪ್ರತಿಗಳಲ್ಲಿ ಇಸವಿ ಹೊಂದದಿದ್ದರೆ ಮುದ್ರಣದೋಷವಲ್ಲ. ಎರಡನೇ ಪುಸ್ತಕ ‘ಡ್ರ್ಯಾಗನ್‌ಫ್ಲೈ ಇನ್ ಆಂಬರ್’. 2021ರಲ್ಲಿ ಬಂದದ್ದು ಒಂಬತ್ತನೆಯದು.

ಕೊನೆಗೆ ರಾಂಡಾಲ್ ಸತ್ತನೆಂದು ಎಲ್ಲರೂ ನಂಬುತ್ತಾರೆ, ಅವನಿಗೆ ಮಕ್ಕಳೂ ಇಲ್ಲ. ಹಾಗಾದರೆ ಅವನ ವಂಶದ ಫ್ರ್ಯಾಂಕ್ ಹುಟ್ಟಿದ್ದು ಹೇಗೆ? ಕ್ಲೇರ್ ಬೆರಳಲ್ಲಿ ಅವನು ತೊಡಿಸಿದ ಉಂಗುರ ಇನ್ನೂ ಇದೆ!
— ಓದುಗರು, ತುಮಕೂರು

ಉಂಗುರವನ್ನು ಗಮನಿಸಿದ್ದೀರಿ, ಭೇಷ್. ಕಥೆಯಲ್ಲಿ ತೂತು ಬಿದ್ದಿಲ್ಲ, ಬಾಕಿ ಉಳಿಸಿಕೊಂಡಿದ್ದಾರೆ. ಲೆಕ್ಕ ಚುಕ್ತಾ ಆಗುವುದು ಎರಡನೇ ಪುಸ್ತಕದಲ್ಲಿ. ಕಲ್ಲು ದಾಟಲು ಯಾರಿಗೆ ಸಾಧ್ಯ, ಏನು ಜೊತೆಗಿರಬೇಕು ಎಂಬ ನಿಯಮಗಳೂ ಮೊದಲನೆಯದರಲ್ಲಿ ಇಲ್ಲ. ಒಂದೇ ಒಂದು ಸುಳಿವು ಇದೆ, ಇದೂ ಗುಟ್ಟೇ: ವಿಚಾರಣೆಯ ಗದ್ದಲದಲ್ಲಿ ಗೇಲಿಸ್ ಎಂಬವಳ ತೋಳಿನ ಮೇಲೆ ಕ್ಲೇರ್ ಕಾಣುವ ದುಂಡನೆಯ ಕಲೆ. ಜನರ ಕಣ್ಣಿಗೆ ಅದು ಸೈತಾನನ ಗುರುತು. ನಮ್ಮ ಮನೆಗಳ ಹಿರಿಯರ ತೋಳಲ್ಲಿ ಈಗಲೂ ಕಾಣುವ ಸಿಡುಬಿನ ಲಸಿಕೆಯ ಗುರುತು ಅದು. ಲಸಿಕೆ ಬಂದದ್ದೇ 1796ರಲ್ಲಿ.

ನಾನು ನರ್ಸ್. ಕ್ಲೇರ್ ಮಾಡುವ ಚಿಕಿತ್ಸೆಗಳು ನಂಬುವಂಥವೇ?
— ಓದುಗಿ, ಮಣಿಪಾಲ

ಹೆಚ್ಚಿನವು ಹೌದು. 3ನೇ ಅಧ್ಯಾಯದ ಕೀಲು ತಪ್ಪಿದ ಭುಜ ನೋಡಿ. ಸುತ್ತ ಇದ್ದವರು ಬಲವಾಗಿ ಒತ್ತಿ ಕೂರಿಸಲು ಹೊರಟಾಗ ಕ್ಲೇರ್ ತಡೆಯುತ್ತಾಳೆ. ತೋಳಿನ ಮೂಳೆ ಸರಿಯಾದ ಕೋನಕ್ಕೆ ಬರುವ ಮೊದಲೇ ಜೋರು ಮಾಡಿದರೆ, ಬಿಗಿದ ಸ್ನಾಯುಗಳಿಗೆ ಸಿಕ್ಕಿ ಮೂಳೆಯೇ ಮುರಿಯುತ್ತದೆ ಎಂಬುದು ನಿಮಗೆ ಗೊತ್ತಿರುವುದೇ. ಸ್ವಲ್ಪ ಹೊತ್ತಿಗೆ ಗಾಯ ತೊಳೆಯಲು ಅಯೋಡಿನ್ ಕೇಳುತ್ತಾಳೆ, ಎಲ್ಲರೂ ಪಿಳಿಪಿಳಿ ನೋಡುತ್ತಾರೆ. ಅಯೋಡಿನ್ ಪತ್ತೆಯಾದದ್ದು 1811ರಲ್ಲಿ. ಕೊನೆಗೆ ಆಲ್ಕೋಹಾಲ್ ಎಂದಾಗ ಮಾತ್ರ ಎಲ್ಲರ ಮುಖ ಅರಳುತ್ತದೆ. ಪುಸ್ತಕದ ಅತ್ಯುತ್ತಮ ನಗೆ ಇದೇ.

ಗಂಡ ಬದುಕಿರುವಾಗ ಇನ್ನೊಂದು ಮದುವೆ. ಇದನ್ನು ಪ್ರೇಮ ಎನ್ನಬೇಕೇ?
— ಓದುಗರು, ದಾವಣಗೆರೆ

1743ರಲ್ಲಿ ಆ ಗಂಡ ಇನ್ನೂ ಹುಟ್ಟೇ ಇಲ್ಲ ಎಂಬ ಕುಚೋದ್ಯ ಬದಿಗಿಡೋಣ. ಮೊದಲು ಅದು ಪ್ರಾಣ ಉಳಿಸಿಕೊಳ್ಳುವ ಮದುವೆ. ಪ್ರಶ್ನೆ ನಿಜವಾಗಿ ಏಳುವುದು 25ರ ಕೊನೆಗೆ, ಜೇಮಿಯೇ ಅವಳನ್ನು ಕಲ್ಲುಗಳ ಬುಡಕ್ಕೆ ಕರೆತಂದು ಹೋಗು ಎಂದಾಗ. ಫ್ರ್ಯಾಂಕ್‌ಗೆ ಪುಸ್ತಕ ಕೊಟ್ಟಿರುವ ಪುಟಗಳೇ ಕಡಿಮೆ, ಆದ್ದರಿಂದ ತಕ್ಕಡಿ ಮೊದಲೇ ಒಂದು ಕಡೆ ವಾಲಿದೆ. ಟಿವಿ ಸರಣಿಯಲ್ಲಿ ಅವನ ಹುಡುಕಾಟವನ್ನೂ ತೋರಿಸಿರುವುದರಿಂದ ಅಲ್ಲಿ ಅವನ ಪರ ವಹಿಸುವವರು ಹೆಚ್ಚು.

ಈ ಹೈಲ್ಯಾಂಡಿನವರಿಗೂ ನಮ್ಮ ನಾಡಿಗೂ ಏನಾದರೂ ನಂಟಿದೆಯೇ?
— ಓದುಗರು, ಮಂಡ್ಯ

ನಿಮ್ಮ ಜಿಲ್ಲೆಯಲ್ಲೇ ಇದೆ. 1745ರ ದಂಗೆಯಲ್ಲಿ ಜಾಕೊಬೈಟರ ಪರ ಕತ್ತಿ ಹಿಡಿದು, ಕಲೋಡನ್ ಕಾಳಗದ ಹಿಂದಿನ ದಿನ ಸೆರೆಸಿಕ್ಕ ತರುಣ ಲಾರ್ಡ್ ಮೆಕ್‌ಲೌಡ್. ಕ್ಷಮೆ ಪಡೆದು, ಸ್ವೀಡನ್ ಸೈನ್ಯದಲ್ಲಿ ದುಡಿದು, ಮೂರು ದಶಕದ ಮೇಲೆ ಅದೇ ಬ್ರಿಟಿಷ್ ದೊರೆಗಾಗಿ 73ನೇ ಹೈಲ್ಯಾಂಡ್ ರೆಜಿಮೆಂಟ್ ಕಟ್ಟಿದ. ಆ ಪಡೆಯ ಕ್ಯಾಪ್ಟನ್ ಡೇವಿಡ್ ಬೇರ್ಡ್ 1780ರಲ್ಲಿ ಪೊಲ್ಲಿಲೂರಿನಲ್ಲಿ ಹೈದರಾಲಿಯ ಸೈನ್ಯಕ್ಕೆ ಸೆರೆಸಿಕ್ಕು ಶ್ರೀರಂಗಪಟ್ಟಣದಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಳೆದ. 1799ರ ಮೇ 4ರಂದು ಕೋಟೆಗೆ ಲಗ್ಗೆ ಹಾಕಿದ ತುಕಡಿಯ ಮುಂದಾಳೂ ಅವನೇ. ಬೇರ್ಡ್ ಜೊತೆ ಸಿಕ್ಕಿಬಿದ್ದ ಕರ್ನಲ್ ವಿಲಿಯಂ ಬೈಲಿ 1782ರಲ್ಲಿ ಸೆರೆಯಲ್ಲೇ ತೀರಿಕೊಂಡ. ಕೋಟೆಯೊಳಗಿನ ಬೈಲಿ ಡಂಜನ್ ಎಂಬ ನೆಲಮನೆಗೆ ಅವನದೇ ಹೆಸರು, ಗುಂಬಜ್ ಹತ್ತಿರ ಅವನ ಸ್ಮಾರಕವಿದೆ. ಅವನ ಮನೆತನದ ಊರು ಡನೇನ್. ಕ್ಲೇರ್ ಬಂದಿಳಿದ ಇನ್ವರ್ನೆಸ್‌ನ ಪಕ್ಕದಲ್ಲೇ.