ಇಟಲಿಯ ಸಂಗೀತ ಸಂಯೋಜಕ ಪುಚಿನಿಯ ‘ಲಾ ಬೋಹೆಮ್’ ಆಪೆರಾವನ್ನು (ಹಾಡಿನಲ್ಲೇ ಸಾಗುವ ನಾಟಕವನ್ನು) ಚಿಕ್ಕ ರಂಗಮಂದಿರದಲ್ಲಿ ಆಡಿಸಬಹುದೇ?

ಖಂಡಿತ. ನಾಲ್ಕು ಅಂಕಗಳಲ್ಲಿ ಮೊದಲನೆಯದೂ ಕೊನೆಯದೂ ನಡೆಯುವುದು ಪ್ಯಾರಿಸ್‌ನ ಬಡ ಕಲಾವಿದರ ಅಟ್ಟದ ಕೋಣೆಯಲ್ಲೇ ಅಲ್ವಾ? ಚಳಿ ತಡೆಯದೆ ಕವಿ ರೊಡಾಲ್ಫೊ ತನ್ನ ನಾಟಕದ ಹಾಳೆಗಳನ್ನೇ ಒಲೆಗೆ ಹಾಕುತ್ತಾನೆ. ಅವನ ಪ್ರೇಯಸಿ ಮಿಮಿಯ ಕೈ ತಣ್ಣಗಿರುವುದು ನಾಲ್ಕಡಿ ದೂರದಿಂದ ಕಂಡರೆ ದೊಡ್ಡ ಸೆಟ್ ಯಾಕೆ ಬೇಕು?

ಕಷ್ಟ ಇರುವುದು ಎರಡನೇ ಅಂಕದಲ್ಲಿ. ಕ್ರಿಸ್‌ಮಸ್ ಹಿಂದಿನ ರಾತ್ರಿ, ಕೆಫೆ ಮೋಮಸ್, ಜನಜಾತ್ರೆ, ಮಕ್ಕಳ ಕೋರಸ್ ಬೇರೆ. ಲಂಡನ್ನಿನ ಆಪೆರಾಅಪ್‌ಕ್ಲೋಸ್ ತಂಡ ಇದಕ್ಕೊಂದು ಉಪಾಯ ಮಾಡಿತು. ಪಬ್ ಮಹಡಿಯ ಪುಟ್ಟ ರಂಗಮಂದಿರದಿಂದ ಪ್ರೇಕ್ಷಕರನ್ನು ಕೆಳಗಿನ ಬಾರ್‌ಗೇ ಕರೆತಂದು, ಕುಡಿಯುತ್ತಾ ಕೂತವರ ನಡುವೆಯೇ ಹಾಡಿಸಿತು! ಆ ಪ್ರಯೋಗಕ್ಕೆ 2011ರಲ್ಲಿ ಲಂಡನ್ ರಂಗಭೂಮಿಯ ದೊಡ್ಡ ಗೌರವವಾದ ಒಲಿವಿಯರ್ ಪ್ರಶಸ್ತಿಯೂ ಬಂತು.

ಆರ್ಕೆಸ್ಟ್ರಾ ಬದಲು ಪಿಯಾನೋ ಸಾಕು. ಆದರೆ ಗಾಯಕರು ದನಿ ತಗ್ಗಿಸಿ ಹಾಡಬೇಕು, ಇಲ್ಲದಿದ್ದರೆ ಮುಂದಿನ ಸಾಲಿನವರ ಕಿವಿ ಗತಿ ಅಷ್ಟೇ.