ಸಂಪಾದಕರ ಉತ್ತರ: ಬಸ್ಸಿನ ಮೈಯಿ, ರೈಲಿನ ಗಾಲಿ

ಲೀಡ್ಸ್‌ನಲ್ಲಿರೋ ಓದುಗರು ಬರ್ದಿದಾರೆ: "ಬ್ರಿಟನ್ನಿನ ಪೇಸರ್ ಡೀಸೆಲ್ ರೈಲನ್ನ ಕಳೆದ ಸಂಚಿಕೇಲಿ ಹೊಗಳಿದ್ದೀರಲ್ಲ ಸರ್, ನೀವದ್ರಲ್ಲಿ ಕೂತಿದೀರಾ? ನಾನು ನಾಕು ವರ್ಷ ಆಫೀಸಿಗೆ ಅದ್ರಲ್ಲೇ ಹೋಗಿದೀನಿ, ಕಿವಿ ಕಿತ್ತೋಗತ್ತೆ."

ಇಲ್ಲ ಸರ್, ಕೂತಿಲ್ಲ, ಆ ಮಾತಿಗೆ ನಾನು ಸೋತೆ. ಆದ್ರೆ ಆ ಕಿರುಚಾಟ ಎಲ್ಲಿಂದ ಬರ್ತಿತ್ತು ಅಂತ ಹೇಳ್ತೀನಿ. ಮಾಮೂಲಿ ಬೋಗಿ ಕೆಳಗೆ ತಿರುವಿಗೆ ತಕ್ಕಂಗೆ ತಿರುಗೋ, ನಾಕು ಗಾಲಿಯ ಎರಡು ಚೌಕಟ್ಟು ಇರ್ತವೆ, ಪೇಸರ್‌ಗೆ ಅದೇ ಇಲ್ಲ, ಗೂಡ್ಸ್ ವ್ಯಾಗನ್ ಥರ ಒಂದೊಂದು ಡಬ್ಬಿಗೂ ಬರೀ ಎರಡು ಆಕ್ಸಲ್, ನಡುವೆ 9 ಮೀಟರ್ ಅಂತರ, ಅದರ ಮೇಲೆ ಬಸ್ ಬಾಡಿ, ಪೇಸರ್‌ನಲ್ಲೇ 142 ಕ್ಲಾಸ್ ಅನ್ನೋ ಮಾದರಿಗಂತೂ ಲೇಲ್ಯಾಂಡ್ ನ್ಯಾಷನಲ್ ಬಸ್ಸಿನ ಭಾಗಗಳೇ, ಬಾಗಿಲೂ ಬಸ್ಸಿನ ಥರಾನೇ ಮಡಚ್ಕೊಳ್ಳೋದು. ತಿರುವಲ್ಲಿ ಗಾಲಿ ಹಳಿಗೆ ಉಜ್ಜದೆ ಇನ್ನೇನು ಮಾಡತ್ತೆ? ಇಂಗ್ಲೆಂಡಿನ ನೈರುತ್ಯ ಮೂಲೆಯ ಕಾರ್ನ್‌ವಾಲ್‌ಗೆ ಒಂದಷ್ಟು ಕಳ್ಸಿದ್ರು, "ಸ್ಕಿಪ್ಪರ್" ಅಂತ ಮುದ್ದಿನ ಹೆಸರು ಬೇರೆ, ಅಲ್ಲಿನ ಬಿಗಿ ತಿರುವುಗಳಲ್ಲಿ ಗಾಲಿ ಸವೆದು ಸವೆದು ಎರಡ್ಮೂರು ವರ್ಷದಲ್ಲೇ ಉತ್ತರಕ್ಕೆ ಸಾಗಹಾಕಿದ್ರು. ಪಾಪ, ನಿಮ್ಮ ಪಾಲಿಗೆ ಬಂತು!

ಆದ್ರೂ ಪೇಸರ್ ಬಂದ ಆ ಎಂಬತ್ತರ ದಶಕ ನೆನಪಿಸ್ಕೊಳಿ. ಬ್ರಿಟಿಷ್ ರೈಲ್ವೆ ಮುಖ್ಯಸ್ಥ ಬೀಚಿಂಗ್ ಅವರ 1963ರ ವರದಿ 2,363 ಸ್ಟೇಷನ್ ಮುಚ್ಚಿ ಅಂದಿತ್ತು. ರೈಲ್ವೆ ಖರ್ಚಿನ ಬಗ್ಗೆ ಸರ್ಕಾರ ಮಾಡಿಸಿದ 1983ರ ಸರ್ಪೆಲ್ ವರದೀಲಂತೂ ಒಂದು ಆಯ್ಕೆ ಪ್ರಕಾರ ಇಡೀ ದೇಶದಲ್ಲಿ ಉಳಿಯೋದು ಸುಮಾರು 2,600 ಕಿ.ಮೀ. ಲೈನ್ ಅಷ್ಟೇ. ಐವತ್ತರ ದಶಕದ ಡೀಸೆಲ್ ರೈಲುಗಳು ಲಡ್ಡಾಗಿದ್ವು, ಹೊಸದಕ್ಕೆ ಕಾಸಿಲ್ಲ. ಅಂಥಾ ಹೊತ್ತಲ್ಲಿ ಅಗ್ಗದ ಗಾಡಿ ಬಂದಿದ್ದಕ್ಕೇ ಎಷ್ಟೋ ಸಣ್ಣ ಲೈನ್ ಉಸಿರಾಡಿದ್ವು ಅನ್ನೋದು ನನ್ನ ವಾದ, ನಾನು ಹೊಗಳಿದ್ದು ಇಷ್ಟನ್ನೇ. ತಪ್ಪಾಗಿದ್ದು ಆಮೇಲೆ: ಹೆಚ್ಚಂದ್ರೆ 20 ವರ್ಷ ಅಂತ ಮಾಡಿದ್ದನ್ನ 35 ವರ್ಷ ಎಳೆದ್ರಲ್ಲ, ಅದು. ವ್ಹೀಲ್‌ಚೇರ್‌ನೋರಿಗೆ ಅನುಕೂಲ ಇರ್ಲೇಬೇಕು ಅನ್ನೋ ಕಾನೂನಿನ ಗಡುವು ಬಂದ್ಮೇಲೇ ಅಲ್ವಾ ಅವು ಹಳಿಯಿಂದ ಇಳಿದಿದ್ದು, ಕೊನೇವು 2021ರಲ್ಲಿ, ವೇಲ್ಸ್‌ನಲ್ಲಿ.

ನಮ್ಮ ಶಿವಮೊಗ್ಗ–ತಾಳಗುಪ್ಪ ರೈಲ್‌ಬಸ್ ಕೂಡ ಇದೇ ಜಾತಿನಾ ಅಂತಾನೂ ಕೇಳಿದ್ದೀರಿ. ಹತ್ತಿರದ ನೆಂಟ ಅನ್ಬಹುದು: ಜನ ಕಮ್ಮಿ ಇರೋ ಲೈನಿಗೆ ಇಂಜಿನ್ನು, ಹತ್ತು ಬೋಗಿ ಯಾಕೆ, ಬಸ್ಸಿನಷ್ಟಿದ್ರೆ ಸಾಕು ಅನ್ನೋ ಅದೇ ಲೆಕ್ಕ. ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂತು, ಈಗ ಅಲ್ಲಿ ದೊಡ್ಡ ರೈಲೇ ಓಡತ್ತೆ.

ಅಂದಹಾಗೆ, ಅಷ್ಟು ಬೈದ್ರೂ ಪೇಸರ್ ಇನ್ನೂ ನೋಡಕ್ಕೆ ಸಿಗತ್ತಾ ಅಂತ ಕೊನೇಲಿ ಕೇಳಿದ್ದೀರಲ್ಲ! ಸಿಗತ್ತೆ. ನಿಮ್ಮ ಪಕ್ಕದಲ್ಲೇ ಹಳೇ ರೈಲು ಓಡಿಸೋ ಕೀತ್ಲಿ–ವರ್ತ್ ವ್ಯಾಲಿ ಹೆರಿಟೇಜ್ ರೈಲ್ವೆಯೋರು 144 ಕ್ಲಾಸಿನ ಪೇಸರ್ ಒಂದನ್ನ ಇಟ್ಕೊಂಡಿದಾರೆ. ಕಿವಿಗೆ ಹತ್ತಿ ಇಟ್ಕೊಂಡು ಹೋಗ್ಬನ್ನಿ, ಫೋಟೋ ಕಳ್ಸಿ.