ಸೋತ್ರೂ ಕುರ್ಚಿ ಬಿಡದೋರು

ಪ್ರಶ್ನೆ: ಸಾರ್, ಐರ್ಲೆಂಡಲ್ಲಿ ಕೆಲವು ಪಾರ್ಟಿ ಲೀಡರ್‌ಗಳು 30 ವರ್ಷಕ್ಕೂ ಮೇಲೆ ಇದ್ರಂತೆ. ಎಲೆಕ್ಷನ್ ಸೋತಾಗ್ಲೂ ಯಾರೂ ಇಳಿಸ್ಲಿಲ್ವಾ?

ಉತ್ತರ: ಪಾರ್ಟಿ ಕಟ್ಟಿದೋರನ್ನೇ ಇಳಿಸೋದು ಕಷ್ಟ ಕಣ್ರೀ. ಮುಂದೆ ಪ್ರಧಾನಿಯಾದ ಡಿ ವೆಲೆರಾ 1926ರಲ್ಲಿ ಫಿಯಾನಾ ಫಾಲ್ ಅನ್ನೋ ಪಾರ್ಟಿ ಕಟ್ಟಿದ್ರು, 1959ರ ತನಕ ಅವ್ರೇ ಲೀಡರ್, ಮಧ್ಯೆ 1948ರಲ್ಲಿ ಒಂದ್ಸಲ 1954ರಲ್ಲಿ ಇನ್ನೊಂದ್ಸಲ ಸರ್ಕಾರ ಕಳ್ಕೊಂಡ್ರು, ಪಾರ್ಟಿ ಮಾತ್ರ ಕೈಬಿಡ್ಲಿಲ್ಲ. ಕೊನೆಗೆ ಬಿಟ್ಟಿದ್ದೂ ರಾಷ್ಟ್ರಪತಿ ಆಗೋಕೆ! ಅದೇ ಜೂನ್ 1959ರಲ್ಲಿ ಜನ ಒಂದೇ ದಿನ ಎರಡು ವೋಟು ಹಾಕಿದ್ರು, ಒಂದು ರಾಷ್ಟ್ರಪತಿ ಯಾರು ಅಂತ, ಇನ್ನೊಂದು ಬ್ಯಾಲೆಟ್ ಮೇಲೆ ಇಷ್ಟದ ಕ್ರಮದಲ್ಲಿ ಅಭ್ಯರ್ಥಿಗಳಿಗೆ 1, 2, 3 ಅಂತ ನಂಬರ್ ಹಾಕೋ ಪದ್ಧತಿ ತೆಗೆದುಬಿಡೋಣ್ವಾ ಅಂತ. ತೆಗೀರಿ ಅಂದಿದ್ದು ಡಿ ವೆಲೆರಾ ಪಾರ್ಟಿನೇ. ಜನ ಮುದುಕನ್ನ ಗೆಲ್ಸಿ ಪ್ರಸ್ತಾಪನ ಸೋಲಿಸಿದ್ರು. ಜಾಣ ಜನ. ಆ ಪದ್ಧತೀಲಿ ಒಂದೊಂದು ಕ್ಷೇತ್ರದಿಂದ ಮೂರರಿಂದ ಐದು ಜನ ಗೆಲ್ತಾರೆ, ಹಾಗಾಗಿ ಸಣ್ಣ ಪಾರ್ಟಿನೂ ಪೂರ್ತಿ ನೆಲ ಕಚ್ಚಲ್ಲ. ಲೇಬರ್ ಪಾರ್ಟಿಯ ವಿಲಿಯಂ ನಾರ್ಟನ್ 1932ರಿಂದ 1960ರ ತನಕ ನಡೆಸಿದ್ರಲ್ಲ, ಅದಕ್ಕೆ ಇದೂ ಒಂದು ಕಾರಣ ಅಂತ ನನ್ನ ಲೆಕ್ಕ.

ಪ್ರಶ್ನೆ: ಮಂತ್ರಿನೇ ಆಗ್ದೆ ಜೆರ್ರಿ ಆಡಮ್ಸ್ ಅಷ್ಟು ವರ್ಷ ಹೆಂಗೆ ಉಳ್ಕೊಂಡ್ರು?

ಉತ್ತರ: ಆಗ್ದೇ ಇದ್ದಿದ್ದಕ್ಕೇ ಉಳ್ಕೊಂಡ್ರು ಅನ್ಸುತ್ತೆ. ಸರ್ಕಾರ ನಡೆಸೋನಿಗೆ ತಾನೇ ಟ್ಯಾಕ್ಸು, ಆಸ್ಪತ್ರೆ ಅಂತ ಬೈಗುಳ ಬೀಳೋದು? ಬ್ರಿಟನ್ ಕೈಲಿರೋ ಉತ್ತರ ಐರ್ಲೆಂಡ್ ಐರ್ಲೆಂಡಿಗೆ ಸೇರ್ಬೇಕು ಅನ್ನೋ ಪಾರ್ಟಿ ಶಿನ್ ಫೇನ್, ಅದಕ್ಕೆ 1983ರಲ್ಲಿ ಅಧ್ಯಕ್ಷರಾದ್ರು, 2018ರಲ್ಲಿ ಮೇರಿ ಲೂ ಮೆಕ್‌ಡೊನಾಲ್ಡ್‌ಗೆ ಬಿಟ್ಕೊಟ್ರು. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟಿಂದ ಎಂಪಿ ಆಗಿ ಗೆದ್ರೂ ಲಂಡನ್ ಪಾರ್ಲಿಮೆಂಟಲ್ಲಿ ಕೂರ್ತಿರ್ಲಿಲ್ಲ, ಅದು ಪಾರ್ಟಿ ಪಟ್ಟು. 1988ರಿಂದ 1994ರ ತನಕ ಬ್ರಿಟಿಷ್ ಟಿವೀಲಿ ಇವ್ರ ದನಿ ಹಾಕೋ ಹಾಗಿರ್ಲಿಲ್ಲ, ಆದ್ರೆ ಮುಖ ತೋರಿಸ್ಬಹುದಿತ್ತು, ಹಾಗಾಗಿ ತುಟಿ ಆಡಮ್ಸ್‌ದು ದನಿ ಯಾರೋ ನಟಂದು! ಬಾಯಿ ಮುಚ್ಚಿಸೋಕೆ ಹೋಗಿ ಇನ್ನೂ ಫೇಮಸ್ ಮಾಡಿದ್ರು.

ಪ್ರಶ್ನೆ: ಹಾಗಾದ್ರೆ ರೆಕಾರ್ಡು ಇವ್ರದೇನಾ?

ಉತ್ತರ: ಇಲ್ಲ, ಇವ್ರ ಬದ್ಧವೈರಿ ಪಾದ್ರಿ ಇಯಾನ್ ಪೈಸ್ಲಿ ಇನ್ನೂ ಮುಂದೆ. 1971ರಲ್ಲಿ ಬ್ರಿಟನ್ ಜೊತೆಗೇ ಇರ್ಬೇಕು ಅನ್ನೋ ಡಿಯುಪಿ ಪಾರ್ಟಿ ಕಟ್ಟಿದ್ರು, 2008ರ ತನಕ ಅವ್ರದ್ದೇ ದರ್ಬಾರು, ಯಾವ ಒಪ್ಪಂದ ಬಂದ್ರೂ 'ನೋ'. ಅಂಥೋರು 2007ರಲ್ಲಿ ಬ್ರಿಟನ್ ವಿರುದ್ಧ ಬಂದೂಕು ಹಿಡಿದಿದ್ದ ಐಆರ್‌ಎ ಗುಂಪಿನ ಮಾಜಿ ಕಮಾಂಡರ್, ಶಿನ್ ಫೇನ್‌ನ ಮಾರ್ಟಿನ್ ಮೆಕ್‌ಗಿನ್ನೆಸ್ ಪಕ್ಕ ಕೂತು ಉತ್ತರ ಐರ್ಲೆಂಡಿನ ಸರ್ಕಾರ ನಡೆಸಿದ್ರು, ಇಬ್ರೂ ಕ್ಯಾಮೆರಾ ಮುಂದೆ ಎಷ್ಟು ನಗ್ತಿದ್ರು ಅಂದ್ರೆ ಪೇಪರ್‌ನೋರು ನಗೆ ಬ್ರದರ್ಸ್ ಅಂತ ಹೆಸರೇ ಇಟ್ರು. ಆ ನಗು ಪೈಸ್ಲಿ ಕಡೆಯೋರಿಗೇ ಸುಮಾರು ಜನಕ್ಕೆ ಹಿಡಿಸ್ಲಿಲ್ಲ. ಒಂದು ವರ್ಷದಲ್ಲೇ ಕುರ್ಚಿ ಬಿಟ್ರು.